ಮಳೆಯಲ್ಲಿ ಓಡಬೇಕಾ, ಬೇಡವಾ? ಫಿಸಿಕಲ್‌ಗೆ ತಯಾರಾಗುವವರ ಪ್ರಶ್ನೆಗಳು

ಸೇನಾ ಭರ್ತಿಯ ಫಿಸಿಕಲ್‌ಗೆ, ಅಂದರೆ ದೈಹಿಕ ಪರೀಕ್ಷೆಗೆ, ತಯಾರಾಗುವವರಿಂದ ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಹವಾಮಾನದ್ದೇ. ಮಲೆನಾಡಿನವರಿಗೆ ಮಳೆ ಬಿಡುತ್ತಿಲ್ಲ, ರಾಯಚೂರು ಕಡೆಯವರಿಗೆ ಬಿಸಿಲು ಬಿಡುತ್ತಿಲ್ಲ, ಕರಾವಳಿಯವರಿಗೆ ಎರಡೂ ಬಿಡುತ್ತಿಲ್ಲ. ಹೆಸರು ಹಾಕಬೇಡಿ ಎಂದು ಹಲವರು ಕೇಳಿಕೊಂಡಿದ್ದಾರೆ. ಹಾಗಾಗಿ ಎಲ್ಲರದ್ದೂ ಊರು ಮಾತ್ರ ಹಾಕಿದ್ದೇವೆ.

ಸರ್, ನಾನು ಅಗ್ನಿವೀರ್ ಫಿಸಿಕಲ್‌ಗೆ ತಯಾರಾಗುತ್ತಿದ್ದೇನೆ. ಮೇ ತಿಂಗಳಲ್ಲಿ 1600 ಮೀಟರ್ 5 ನಿಮಿಷ 50 ಸೆಕೆಂಡ್‌ನಲ್ಲಿ ಬರುತ್ತಿತ್ತು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಗ್ರೌಂಡ್ ಕೆರೆಯಾಗಿದೆ, ಈಗ 6 ನಿಮಿಷ ದಾಟುತ್ತಿದೆ. ಮಳೆ ನಿಲ್ಲುವವರೆಗೆ ರನ್ನಿಂಗ್ ಬಿಡಲಾ, ಅಥವಾ ಹೀಗೇ ಓಡಲಾ? ಟೆನ್ಷನ್ ಆಗಿ ನಿದ್ದೆ ಬರುತ್ತಿಲ್ಲ.
– ಸಾಗರ

ಬಿಡಬೇಡ ತಮ್ಮಾ. ನಿಮ್ಮ ಕಡೆ ಮಳೆ ನಿಲ್ಲಲಿ ಎಂದು ಕಾಯುತ್ತಾ ಕೂತರೆ ಸೆಪ್ಟೆಂಬರ್ ಬಂದಿರುತ್ತದೆ. ಎರಡು ಮೂರು ವಾರ ಪೂರ್ತಿ ಓಟ ಬಿಟ್ಟರೇ ದಮ್ಮು ಇಳಿಯಲು ಶುರುವಾಗುತ್ತದೆ, ಇನ್ನು ಮೂರು ತಿಂಗಳು ಬಿಟ್ಟರೆ ಮೊದಲಿಂದ ಶುರು ಮಾಡಿದ ಹಾಗೆಯೇ. ಆದರೆ ಹೀಗೇ ಓಡುವುದೂ ಬೇಡ.

ಮೊದಲು ಟೈಮ್ ವಿಷಯ. ಕೆಟ್ಟಿರುವುದು ಗ್ರೌಂಡು, ನಿನ್ನ ಓಟ ಅಲ್ಲ. ಕೆಸರಿನಲ್ಲಿ ಪ್ರತಿ ಹೆಜ್ಜೆಗೂ ಕಾಲು ಸ್ವಲ್ಪ ಹಿಂದಕ್ಕೆ ಜಾರುತ್ತದೆ, ನೀರು ಕುಡಿದ ಶೂ ಭಾರವಾಗುತ್ತದೆ, ಬೀಳುತ್ತೇನೇನೋ ಎಂಬ ಭಯಕ್ಕೆ ಮೈಯೆಲ್ಲ ಬಿಗಿ ಮಾಡಿಕೊಂಡು ಓಡುತ್ತೀಯ, ಇಷ್ಟೆಲ್ಲ ಸೇರಿ 20 ಸೆಕೆಂಡ್ ಜಾಸ್ತಿ ಆದರೆ ಅದರಲ್ಲಿ ಗಾಬರಿ ಪಡುವುದೇನೂ ಇಲ್ಲ. ಮಳೆಗಾಲದಲ್ಲಿ ವಾಚ್ ಹಿಡಿದು 1600 ಓಡುವುದನ್ನೇ ನಿಲ್ಲಿಸು. ತಿಂಗಳಿಗೊಮ್ಮೆ, ನೆಲ ಒಣಗಿದ ದಿನ ಸಿಕ್ಕಿದಾಗ ಮಾತ್ರ ಟೈಮ್ ತೆಗೆದುಕೋ.

ಗುರಿ ಎಷ್ಟು ಎಂಬುದು ತಲೆಯಲ್ಲಿರಲಿ. 5 ನಿಮಿಷ 30 ಸೆಕೆಂಡ್ ಒಳಗೆ ಬಂದರೆ 60 ಅಂಕ. 5.31ರಿಂದ 5.45ರ ಒಳಗೆ ಬಂದರೆ 48. ಹದಿನೈದೇ ಸೆಕೆಂಡ್‌ಗೆ ಹನ್ನೆರಡು ಅಂಕ ಹೋಗುತ್ತದೆ, ಮೆರಿಟ್‌ನಲ್ಲಿ ಅದು ಸಣ್ಣದಲ್ಲ. 5.30 ಎಂದರೆ 400 ಮೀಟರ್‌ನ ಒಂದು ಸುತ್ತಿಗೆ 82 ಸೆಕೆಂಡ್ ಚಿಲ್ಲರೆ. ನಿನಗೆ ಈ ವೇಗ ಕಾಲಿಗೆ ರೂಢಿಯಾಗಬೇಕು. ಅದಕ್ಕೆ ಗಟ್ಟಿ ನೆಲ ಬೇಕು, ಕೆಸರಿನಲ್ಲಿ ಅದನ್ನು ಕಲಿಯಲು ಆಗುವುದಿಲ್ಲ.

ಹಾಗಾಗಿ ವಾರವನ್ನು ಮಳೆಗೆ ತಕ್ಕಂತೆ ಹಂಚಿಕೋ. ಮಳೆ ಹೊಳವಾದ ದಿನ, ಅದು ಸೋಮವಾರವೋ ಶನಿವಾರವೋ ನೋಡಬೇಡ, ಜೋರಿನ ಓಟ ಮಾಡು: 400 ಮೀಟರ್‌ನ್ನು 80 ಸೆಕೆಂಡ್ ಆಸುಪಾಸಿನಲ್ಲಿ ನಾಲ್ಕೈದು ಸಲ, ನಡುವೆ ಎರಡು ಮೂರು ನಿಮಿಷ ನಡಿಗೆ. ಗ್ರೌಂಡ್ ಇಲ್ಲವೆಂದರೆ ಗಾಡಿ ಓಡಾಟ ಕಡಿಮೆ ಇರುವ, ಹೊಂಡವಿಲ್ಲದ ಟಾರು ರಸ್ತೆಯಲ್ಲಿ 400 ಮೀಟರ್ ಅಳೆದು ಗುರುತು ಹಾಕಿಕೋ. ಮಳೆ ಸುರಿಯುತ್ತಲೇ ಇದ್ದರೆ ಏರು ಹುಡುಕು. ನಿಮ್ಮೂರಲ್ಲಿ ಏರಿಗೆ ಬರವೇ? ಟಾರು ಹಾಕಿದ ಏರು ರಸ್ತೆಯಲ್ಲಿ ಒಂದು ನಿಮಿಷ ಮೇಲಕ್ಕೆ ಓಡು, ನಡೆದು ಇಳಿ, ಮತ್ತೆ ಓಡು. ಹತ್ತುವಾಗ ಕಾಲಿಗೆ ಪೆಟ್ಟು ಕಡಿಮೆ, ಜಾರುವುದೂ ಕಡಿಮೆ, ಎದೆಗೆ ಮಾತ್ರ ಒಳ್ಳೇ ಕೆಲಸ. ನನ್ನನ್ನು ಕೇಳಿದರೆ ಮಲೆನಾಡಿನ ಹುಡುಗರಿಗೆ ಮಳೆಗಾಲದಲ್ಲಿ ಇದಕ್ಕಿಂತ ಒಳ್ಳೆಯ ತಯಾರಿ ಬೇರೆ ಇಲ್ಲ. ಇಳಿಯುವಾಗ ಮಾತ್ರ ಓಡಬೇಡ. ಮಂಡಿ, ಪಾದದ ಗಂಟು ಹೋಗುವುದು ಇಳಿಜಾರಿನಲ್ಲೇ.

ಉಳಿದ ದಿನ ಅರ್ಧ ಗಂಟೆ ಸುಮ್ನೆ ನಿಧಾನ ಓಟ, ಪಕ್ಕದವನ ಜೊತೆ ಮಾತಾಡುತ್ತಾ ಓಡುವಷ್ಟು ನಿಧಾನ. ಮಳೆಯಲ್ಲಿ ಹೆಜ್ಜೆ ಚಿಕ್ಕದಾಗಿರಲಿ, ಪಾದ ಮೈಯ ಕೆಳಗೇ ಬೀಳಲಿ, ಮುಂದಕ್ಕೆ ಚಾಚಿ ಹಿಮ್ಮಡಿ ಊರಿದರೆ ಜಾರುತ್ತದೆ. ತಿರುವಿನಲ್ಲಿ ವೇಗ ಇಳಿಸು. ಮುರಕಲ್ಲಿನ ಮೇಲೆ ಹಾವಸೆ ಕಟ್ಟಿರುವ ದಾರಿ, ಒದ್ದೆ ಎಲೆ ಬಿದ್ದಿರುವ ದಾರಿ, ರಸ್ತೆಗೆ ಬಳಿದ ಬಿಳಿ ಪಟ್ಟೆ, ಇವುಗಳ ಮೇಲೆ ಕಾಲಿಡಬೇಡ. ನೀರು ನಿಂತ ಹೊಂಡಕ್ಕೂ ಇಳಿಯಬೇಡ, ಅದರ ಆಳ ಎಷ್ಟೆಂದು ಮೇಲಿಂದ ಗೊತ್ತಾಗುವುದಿಲ್ಲ.

ಇನ್ನೊಂದು ಮಾತು, ಇದನ್ನು ಯಾರೂ ಹೇಳುವುದಿಲ್ಲ. ಮಣ್ಣಿನ ಗ್ರೌಂಡ್‌ನಲ್ಲಿ ಓಡುತ್ತಿದ್ದವರು ಮಳೆ ಬಂತೆಂದು ಒಮ್ಮೆಗೇ ಟಾರು ರಸ್ತೆಗೆ ಬಂದು ಅಷ್ಟೇ ದೂರ ಓಡಿದರೆ ಎರಡು ವಾರದಲ್ಲಿ ಮೊಣಕಾಲಿನ ಕೆಳಗೆ, ಮುಂಭಾಗದ ಮೂಳೆಯ ಉದ್ದಕ್ಕೆ ನೋವು ಶುರುವಾಗುತ್ತದೆ. ಮಂಡ್ಯ, ಕುಂದಾಪುರ, ಹಿರಿಯೂರಿನಿಂದ ಬಂದ ಮೂರು ಪತ್ರಗಳೂ ಇದೇ ನೋವಿನವು. ಓಡಲು ಶುರು ಮಾಡಿದಾಗ ನೋವಿದ್ದು ಮೈ ಬಿಸಿಯಾದ ಮೇಲೆ ಮಾಯವಾದರೆ, ದೂರವನ್ನು ಅರ್ಧಕ್ಕಿಳಿಸಿ, ಓಡಿದ ಮೇಲೆ ಐಸ್ ಇಟ್ಟು, ನಿಧಾನಕ್ಕೆ ಏರಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಒಂದೇ ಜಾಗದಲ್ಲಿ ಬೆರಳಿಟ್ಟರೆ ಚುಚ್ಚಿದಂತಾಗುವುದು, ರಾತ್ರಿ ಮಲಗಿದಾಗಲೂ ನೋಯುವುದು, ಇದ್ದರೆ ಅದು ಬೇರೆ ಕಥೆ. ಮೂಳೆಯಲ್ಲಿ ಸಣ್ಣ ಬಿರುಕು ಬಿಟ್ಟಿರಬಹುದು. ಓಟ ನಿಲ್ಲಿಸಿ ಮೂಳೆ ಡಾಕ್ಟರಿಗೆ ತೋರಿಸಿ. ಮೊದಲು ತೆಗೆದ ಎಕ್ಸ್‌ರೇಯಲ್ಲಿ ಅದು ಕಾಣದೇ ಇರುವುದೂ ಉಂಟು, ಹಾಗಾಗಿ ರಿಪೋರ್ಟ್ ಚೆನ್ನಾಗಿದೆ ಎಂದು ಮತ್ತೆ ಓಡಬೇಡಿ, ನೋವು ಹೋಗಿರಬೇಕು.

ನಮಸ್ಕಾರ. ನನ್ನ ಮಗ ದಿನಾ ಬೆಳಿಗ್ಗೆ ಮಳೆಯಲ್ಲಿ ನೆನೆದುಕೊಂಡು ಓಡುತ್ತಾನೆ. ಹೇಳಿದರೆ ಕೇಳುವುದಿಲ್ಲ. ನ್ಯುಮೋನಿಯಾ ಆಗುತ್ತದೆಯೇ ಎಂದು ಭಯ. ಮಿಲಿಟರಿ ಆಸೆ ಇರಲಿ, ಆರೋಗ್ಯ ಮೊದಲಲ್ಲವೇ?
– ಶಿರಸಿ

ಆರೋಗ್ಯವೇ ಮೊದಲು ಅಮ್ಮಾ, ಅದರಲ್ಲಿ ಎರಡು ಮಾತಿಲ್ಲ. ಆದರೆ ನೆಗಡಿ, ಜ್ವರ ಬರುವುದು ವೈರಸ್‌ನಿಂದ, ಬರೀ ಮಳೆಹನಿಯಿಂದ ಅಲ್ಲ. ಓಡುತ್ತಿರುವ ಮೈ ಬಿಸಿಯಾಗಿಯೇ ಇರುತ್ತದೆ. ತೊಂದರೆ ಶುರುವಾಗುವುದು ಓಟ ನಿಂತ ಮೇಲೆ, ಒದ್ದೆ ಬಟ್ಟೆಯಲ್ಲೇ ಗೆಳೆಯರ ಜೊತೆ ಅರ್ಧ ಗಂಟೆ ಹರಟೆ ಹೊಡೆಯುತ್ತಾ ಗಾಳಿಗೆ ನಿಂತಾಗ. ಮನೆಗೆ ಬಂದ ಕೂಡಲೇ ಬಟ್ಟೆ ಬದಲಿಸಿ, ತಲೆ ಒರೆಸಿ, ಬಿಸಿ ಬಿಸಿ ಏನಾದರೂ ಕುಡಿಯಲು ಹೇಳಿ. ಅಷ್ಟು ಮಾಡಿದರೆ ಸಾಕು. ಒಂದು ಷರತ್ತು ಮಾತ್ರ ನೀವು ಹಾಕಲೇಬೇಕು: ಜ್ವರ ಇರುವ ದಿನ ಓಟ ಇಲ್ಲ. ಉಬ್ಬಸ ಇರುವ ಹುಡುಗನಾದರೆ ಡಾಕ್ಟರನ್ನು ಕೇಳದೆ ಕಳಿಸಬೇಡಿ.

ಸರ್, ನಮ್ಮ ಕಡೆ ಮಳೆ ಎಲ್ಲಿ ಬರುತ್ತೆ? ಬಿಸಿಲೇ ಬಿಸಿಲು. ನಮ್ಮ ಸೀನಿಯರ್ ಒಬ್ಬರು ಮಧ್ಯಾಹ್ನ 12 ಗಂಟೆಗೆ, ಸ್ವೆಟರ್ ಹಾಕಿಕೊಂಡು ಓಡಿಸುತ್ತಾರೆ. ಬಾಡಿ ಗಟ್ಟಿಯಾಗುತ್ತೆ, ಬೆವರು ಬಂದು ವೇಟ್ ಇಳಿಯುತ್ತೆ ಅಂತಾರೆ. ನೀರೂ ಕುಡಿಯಬಾರದಂತೆ. ಇದು ಸರಿಯಾ?
– ರಾಯಚೂರು

ಸರಿಯಲ್ಲ. ಇವತ್ತೇ ನಿಲ್ಲಿಸು. ಈ ಪುಟದಲ್ಲಿರುವ ಎಲ್ಲ ಪ್ರಶ್ನೆಗಳಲ್ಲಿ ನನಗೆ ನಿಜವಾಗಿ ಹೆದರಿಕೆ ಹುಟ್ಟಿಸಿದ್ದು ನಿನ್ನದು.

ಮಳೆ ಮೈ ನೆನೆಸುತ್ತದೆ ಅಷ್ಟೇ, ಸೆಖೆ ಜೀವ ತೆಗೆಯುತ್ತದೆ. 2024ರ ಆಗಸ್ಟ್ ಕೊನೆಯಲ್ಲಿ ಜಾರ್ಖಂಡ್‌ನಲ್ಲಿ ಅಬಕಾರಿ ಕಾನ್‌ಸ್ಟೇಬಲ್ ಹುದ್ದೆಗೆ ದೈಹಿಕ ಪರೀಕ್ಷೆ ನಡೆಯಿತು. ಗಂಡಸರಿಗೆ ಒಂದು ಗಂಟೆಯಲ್ಲಿ 10 ಕಿಲೋಮೀಟರ್ ಓಟ. ಹತ್ತಕ್ಕೂ ಹೆಚ್ಚು ಅಭ್ಯರ್ಥಿಗಳು ಸತ್ತರು. ಎಲ್ಲ ನಿನ್ನಂಥ ಕೆಲಸ ಹುಡುಕಿಕೊಂಡು ಬಂದ ಹುಡುಗರೇ. ಸರ್ಕಾರ ಪರೀಕ್ಷೆಯನ್ನು ಕೆಲವು ದಿನ ನಿಲ್ಲಿಸಬೇಕಾಯಿತು. ತಿಂಗಳು ಗಮನಿಸು: ಆಗಸ್ಟ್. ಏಪ್ರಿಲ್ ಅಲ್ಲ, ಮೇ ಅಲ್ಲ. ಮಳೆಗಾಲದ ನಡುವೆ ಬಿಸಿಲು ಬಿದ್ದಾಗ ಗಾಳಿಯಲ್ಲಿ ನೀರಿನ ಅಂಶ ತುಂಬಿರುತ್ತದೆ, ಬೆವರು ಸುರಿಯುತ್ತದೆ ಆದರೆ ಆರುವುದಿಲ್ಲ. ಬೆವರು ಆರಿದರೆ ತಾನೇ ಮೈ ತಣ್ಣಗಾಗುವುದು? ಆರದಿದ್ದರೆ ಬಿಸಿ ಒಳಗೇ ಉಳಿದು ಏರುತ್ತಾ ಹೋಗುತ್ತದೆ. ಮಂಗಳೂರು, ಉಡುಪಿಯ ಹುಡುಗರೂ ಇದನ್ನು ಓದಿಕೊಳ್ಳಿ. ನಿಮ್ಮಲ್ಲಿ 32 ಡಿಗ್ರಿ ಇದ್ದಾಗಲೂ ಈ ಅಪಾಯ ಇದೆ.

ಸ್ವೆಟರ್ ಹಾಕಿ ಓಡಿಸುವುದು ಎಂದರೆ ಬೇಕೆಂದೇ ಬೆವರನ್ನು ಆರದಂತೆ ತಡೆಯುವುದು. ಕಡಿಮೆಯಾಗುವ ತೂಕ ಬರೀ ನೀರು, ಎರಡು ಲೋಟ ನೀರು ಕುಡಿದರೆ ವಾಪಸ್ ಬರುತ್ತದೆ. ಪ್ಲಾಸ್ಟಿಕ್ ರೇನ್‌ಕೋಟ್ ಹಾಕಿಕೊಂಡು ಓಡುವ ಮಲೆನಾಡಿನವರಿಗೂ ಇದೇ ಉತ್ತರ. ನಿಮ್ಮ ಸೀನಿಯರ್ ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿರಬಹುದು, ಆದರೆ ಅವರಿಗೆ ಯಾರೋ ಹೇಳಿದ್ದನ್ನು ಅವರು ನಿನಗೆ ದಾಟಿಸುತ್ತಿದ್ದಾರೆ, ಹಿಂದಿನವರು ಬದುಕಿ ಉಳಿದರು ಎಂಬುದು ಪದ್ಧತಿ ಸರಿಯೆಂಬುದಕ್ಕೆ ಪುರಾವೆ ಅಲ್ಲ.

ಹಾಗಂತ ಮೈಯನ್ನು ಬಿಸಿಲಿಗೆ ರೂಢಿ ಮಾಡಿಕೊಳ್ಳಲು ಆಗುವುದೇ ಇಲ್ಲವೆಂದಲ್ಲ. ಆಗುತ್ತದೆ. ಹತ್ತರಿಂದ ಹದಿನಾಲ್ಕು ದಿನ ಬೇಕು. ಬೆಳಿಗ್ಗೆ 5 ಗಂಟೆಯ ಓಟವನ್ನು ಮುಖ್ಯ ಮಾಡಿಕೋ, ಜೋರಿನ ಓಟವೆಲ್ಲ ಆಗಲೇ ಮುಗಿಯಲಿ. ಬಿಸಿಲಿಗೆ ಹೊಂದಿಕೊಳ್ಳಲು ಬೆಳಿಗ್ಗೆ ಎಂಟರ ಹೊತ್ತಿಗೆ ಹದಿನೈದು ನಿಮಿಷ ನಿಧಾನವಾಗಿ ಓಡು, ಮೂರು ನಾಲ್ಕು ದಿನಕ್ಕೊಮ್ಮೆ ಐದು ನಿಮಿಷ ಏರಿಸು. ಬರಬರುತ್ತಾ ಬೆವರು ಬೇಗ ಬರಲು ಶುರುವಾಗುತ್ತದೆ, ಅದೇ ವೇಗಕ್ಕೆ ಎದೆಬಡಿತ ಕಡಿಮೆಯಾಗುತ್ತದೆ. ರ‍್ಯಾಲಿ (ಸೇನಾ ಭರ್ತಿ ಮೇಳ) ಬಿಸಿಲಲ್ಲಿ ಬಂದರೂ ಇಷ್ಟು ಸಾಕು. ಮಧ್ಯಾಹ್ನ ಹನ್ನೆರಡರ ಓಟ ಯಾವ ಲೆಕ್ಕಕ್ಕೂ ಬೇಡ.

ನೀರು ಕುಡಿ. ಬಾಯಾರಿದಾಗ ಕುಡಿ. ಒಮ್ಮೆಗೇ ಮೂರು ಲೀಟರ್ ಗಟಗಟ ಎತ್ತುವುದೂ ಒಳ್ಳೆಯದಲ್ಲ, ರಕ್ತದಲ್ಲಿ ಉಪ್ಪು ತೆಳುವಾಗಿ ಅದು ಬೇರೆ ಅಪಾಯ ತರುತ್ತದೆ. ತುಂಬಾ ಬೆವರಿದ ದಿನ ಮಜ್ಜಿಗೆಗೆ ಉಪ್ಪು ಹಾಕಿ ಕುಡಿ. ಇಲ್ಲವೇ ಮೆಡಿಕಲ್ ಶಾಪಿನ ಓಆರ್‌ಎಸ್. ಅದೂ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಇದನ್ನು ಮಾತ್ರ ಕತ್ತರಿಸಿ ಅಂಟಿಸಿಕೋ. ಜೊತೆಗೆ ಓಡುವವನು ತೊದಲಿದರೆ, ತೂರಾಡಿದರೆ, ಸಂಬಂಧವಿಲ್ಲದ ಮಾತಾಡಿದರೆ, ಬಿದ್ದರೆ, ಅದು ಸುಸ್ತಲ್ಲ. ಬೆವರುತ್ತಿದ್ದಾನೆ, ಹಾಗಾಗಿ ಏನೂ ಆಗಿಲ್ಲ ಎಂದುಕೊಳ್ಳಬೇಡಿ, ಓಡುವವರಿಗೆ ಬಿಸಿ ಬಡಿದಾಗ ಬೆವರು ಇರುವುದೇ ಹೆಚ್ಚು. ನೆರಳಿಗೆ ಎಳೆಯಿರಿ, ಬಟ್ಟೆ ಸಡಿಲಿಸಿ, ಸಿಕ್ಕಿದಷ್ಟು ತಣ್ಣೀರು ಮೈಮೇಲೆಲ್ಲ ಸುರಿಯಿರಿ, ಬೀಸಿ, ಐಸ್ ಇದ್ದರೆ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಡಿ. 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವವರೆಗೂ ನೀರು ಹಾಕುವುದನ್ನು ನಿಲ್ಲಿಸಬೇಡಿ. ಪ್ರಜ್ಞೆ ಸರಿಯಿಲ್ಲದವನ ಬಾಯಿಗೆ ನೀರು ಬಿಡಬೇಡಿ.

ನಾವು ಐದಾರು ಜನ ಸಂಜೆ ಶಾಲೆ ಮೈದಾನದಲ್ಲಿ ಪ್ರಾಕ್ಟೀಸ್ ಮಾಡುತ್ತೇವೆ. ಸಂಜೆ ಹೊತ್ತಿಗೇ ಗುಡುಗು ಸಿಡಿಲು. ಮಳೆ ಬರುವ ಮೊದಲು ಎರಡು ಸುತ್ತು ಮುಗಿಸೋಣ ಅಂತ ಓಡುತ್ತೇವೆ. ಎಷ್ಟು ದೂರದಲ್ಲಿ ಮಿಂಚಿದರೆ ಅಪಾಯ ಇಲ್ಲ?
– ಬೆಳ್ತಂಗಡಿ

ಗುಡುಗು ಕಿವಿಗೆ ಕೇಳುವಷ್ಟು ಹತ್ತಿರ ಇದ್ದರೆ ಸಿಡಿಲು ನಿಮ್ಮ ಮೇಲೂ ಬೀಳಬಹುದು. ಮಳೆ ಶುರುವಾಗಿರಬೇಕೆಂದೇನಿಲ್ಲ, ಮೋಡದಿಂದ ದೂರಕ್ಕೆ ಹಾರಿ ಒಣ ನೆಲಕ್ಕೂ ಬಡಿಯುತ್ತದೆ. ಶಬ್ದ ಒಂದು ಕಿಲೋಮೀಟರ್ ಬರಲು ಹತ್ತಿರ ಹತ್ತಿರ ಮೂರು ಸೆಕೆಂಡ್ ಹಿಡಿಯುತ್ತದೆ, ಮಿಂಚಿಗೂ ಗುಡುಗಿಗೂ ನಡುವೆ ಮೂವತ್ತು ಸೆಕೆಂಡ್ ಇದ್ದರೂ ಸಿಡಿಲು ಹತ್ತೇ ಕಿಲೋಮೀಟರ್ ಆಚೆ. ಅಲ್ಲಿಗೇ ಓಟ ನಿಲ್ಲಿಸಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಮೈದಾನಕ್ಕೆ ಬರಬೇಡಿ.

ಹೋಗಬೇಕಾದದ್ದು ಶಾಲೆಯ ಕಟ್ಟಡದ ಒಳಗೆ. ಮರದ ಕೆಳಗೆ ಅಲ್ಲ, ಗೋಡೆಯಿಲ್ಲದ ಶೆಡ್ಡಿಗೆ ಅಲ್ಲ. ಪುಲ್‌ಅಪ್ ಕಂಬಿ, ಗೋಲ್ ಪೋಸ್ಟ್, ತಂತಿ ಬೇಲಿ, ಎಲ್ಲದರಿಂದ ದೂರ. ಕಾರಿದ್ದರೆ ಗಾಜು ಏರಿಸಿ ಒಳಗೆ ಕೂರಬಹುದು, ಬೈಕ್ ಲೆಕ್ಕಕ್ಕಿಲ್ಲ. ದಾಮಿನಿ ಆ್ಯಪ್ ಎಂದು ಇದೆ, ಸುತ್ತಮುತ್ತ ಸಿಡಿಲು ಬೀಳುತ್ತಿದೆಯೇ ಎಂದು ತೋರಿಸುತ್ತದೆ. ನಮ್ಮ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ್ದೇ ಸಿಡಿಲು ಎಂಬ ಆ್ಯಪ್ ಕೂಡ ಇದೆ. ಆರು ಜನರಲ್ಲಿ ಒಬ್ಬರಾದರೂ ಹಾಕಿಕೊಂಡು ಹೊರಡುವ ಮೊದಲು ನೋಡಿ.

ಸಿಡಿಲು ಬಡಿದವರನ್ನು ಮುಟ್ಟಿದರೆ ಶಾಕ್ ಹೊಡೆಯುತ್ತದೆ ಎಂಬುದು ಸುಳ್ಳು. ಆ ಹೆದರಿಕೆಯಲ್ಲಿ ದೂರ ನಿಲ್ಲಬೇಡಿ. ಉಸಿರಾಟ, ನಾಡಿ ಇಲ್ಲದಿದ್ದರೆ ತಕ್ಷಣ ಎದೆ ಒತ್ತಲು ಶುರು ಮಾಡಿ. ಎದೆ ಒತ್ತುವುದು ಹೇಗೆಂದು ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಕೇಳಿ ಕಲಿತುಕೊಳ್ಳಿ, ಮಿಲಿಟರಿಗೆ ಹೋಗುವವರಿಗೆ ಹೇಗೂ ಬೇಕಾಗುವ ವಿದ್ಯೆ.

ನಮ್ದು ಎರೆಭೂಮಿ. ಮಳೆ ಬಿದ್ದರೆ ಶೂ ಒಂದೊಂದು ಎರಡು ಕೆಜಿ ಆಗುತ್ತೆ. ಬರಿಗಾಲಲ್ಲಿ ಓಡಬಹುದಾ? ರ‍್ಯಾಲಿಯಲ್ಲಿ ಎಷ್ಟೋ ಹುಡುಗರು ಬರಿಗಾಲಲ್ಲೇ ಓಡುತ್ತಾರಲ್ಲ.
– ಗದಗ

ಓಡುತ್ತಾರೆ, ಗೆಲ್ಲುತ್ತಾರೆ ಕೂಡ. ಚಿಕ್ಕಂದಿನಿಂದ ಬರಿಗಾಲಲ್ಲಿ ಓಡಾಡಿದ ಪಾದ ಅವರದು. ನಿನ್ನದೂ ಹಾಗೇ ಇದ್ದರೆ ಸರಿ. ಶೂ ಹಾಕಿ ರೂಢಿ ಇರುವವನು ಮಳೆ ಬಂತೆಂದು ಒಂದೇ ದಿನಕ್ಕೆ ಬಿಚ್ಚಿ ಓಡಿದರೆ ಮೀನಖಂಡ ಹಿಡಿದುಕೊಳ್ಳುತ್ತದೆ.

ಎರೆ ಮಣ್ಣಿನಲ್ಲಿ ಮಳೆಗಾಲಕ್ಕೆ ಓಟವೇ ಬೇಡ ಎನ್ನುವುದು ನನ್ನ ಅಭಿಪ್ರಾಯ. ಪಾದ ಅಂಟಿಕೊಂಡು ಮೈ ಮುಂದೆ ಹೋದಾಗ ಮಂಡಿ ತಿರುಚುತ್ತದೆ. ಊರಿನ ಡಾಂಬರು ರಸ್ತೆ, ಇಲ್ಲವೇ ಕೇಳಿ ಒಪ್ಪಿಗೆ ಪಡೆದು ಎಪಿಎಂಸಿ ಪ್ರಾಂಗಣದ ಉದ್ದನೆ ಶೆಡ್ಡು, ಸಂತೆಯಿಲ್ಲದ ದಿನ. ಅಲ್ಲಿ ಮೂವತ್ತು ನಲವತ್ತು ಮೀಟರ್ ಓಡಿ ತಿರುಗಿ ಬರುವುದನ್ನೇ ಹತ್ತಿಪ್ಪತ್ತು ಸಲ ಮಾಡು. ಅದೂ ಇಲ್ಲದಿದ್ದರೆ ಪಡಸಾಲೆಯಲ್ಲಿ ಹಗ್ಗ ಹಿಡಿದು ಸ್ಕಿಪ್ಪಿಂಗ್, ತೊಲೆಗೆ ಕಂಬಿ ಕಟ್ಟಿ ಪುಲ್‌ಅಪ್. ಹತ್ತು ಪುಲ್‌ಅಪ್‌ಗೆ 40 ಅಂಕ ಇದೆ ಎಂಬುದನ್ನು ಎಲ್ಲರೂ ಮರೆಯುತ್ತಾರೆ. ಮಳೆಗಾಲ ಅದಕ್ಕೇ ಇರಲಿ.

ಶೂ ವಿಷಯ ಕೇಳಿದವರು ಬೇರೆ ಬೇರೆ ಊರಿನವರೂ ಇದ್ದೀರಿ. ನೆನೆದ ಶೂ ಒಳಗಿನ ಅಟ್ಟೆ ಹೊರಗೆ ತೆಗೆದು, ಹಳೇ ನ್ಯೂಸ್‌ಪೇಪರ್ ಉಂಡೆ ಮಾಡಿ ತುರುಕಿ, ಒಂದು ಗಂಟೆಯಾದ ಮೇಲೆ ಪೇಪರ್ ಬದಲಿಸಿ, ಫ್ಯಾನ್ ಕೆಳಗಿಡಿ. ಬಚ್ಚಲೊಲೆ ಮುಂದೆ ಇಟ್ಟರೆ ಅಂಟು ಬಿಟ್ಟು ಬಾಯಿ ತೆರೆಯುತ್ತದೆ. ದುಡ್ಡಿದ್ದರೆ ಒಂದು ಜೊತೆ ದುಬಾರಿ ಶೂ ಕೊಳ್ಳುವ ಬದಲು ಅರ್ಧ ಬೆಲೆಯವು ಎರಡು ಜೊತೆ ತೆಗೆದುಕೊಳ್ಳಿ. ಓಡಿದ ಮೇಲೆ ಕಾಲ್ಬೆರಳ ಸಂದಿ ಒರೆಸಿ ಒಣಗಿಸುವುದನ್ನು ಮಾತ್ರ ತಪ್ಪಿಸಬೇಡಿ. ಅಲ್ಲಿ ಚರ್ಮ ಬೆಳ್ಳಗಾಗಿ ಬಿರಿದರೆ, ತೊಡೆಸಂದಿಯಲ್ಲಿ ಹುಳುಕಡ್ಡಿ ಹರಡಿದರೆ ಭರ್ತಿಯ ಮೆಡಿಕಲ್ ಪರೀಕ್ಷೆಯಲ್ಲೂ ತಕರಾರು ಬರಬಹುದು. ಅಂಗಡಿಯವನು ಕೊಡುವ ಸ್ಟಿರಾಯ್ಡ್ ಬೆರೆತ ಮುಲಾಮು ಹಚ್ಚಿದರೆ ಎರಡು ದಿನ ಕಡಿಮೆಯಾದಂತೆ ಕಂಡು ಆಮೇಲೆ ದುಪ್ಪಟ್ಟಾಗುತ್ತದೆ. ಚರ್ಮದ ಡಾಕ್ಟರಿಗೇ ತೋರಿಸಿ.

ಸರ್, ನಾನು ಮಹಿಳಾ ಮಿಲಿಟರಿ ಪೊಲೀಸ್‌ಗೆ ತಯಾರಾಗುತ್ತಿದ್ದೇನೆ. ಇಲ್ಲಿ ಮಳೆಗಾಲದಲ್ಲಿ ಬೆಳಿಗ್ಗೆ ಆರೂವರೆಯಾದರೂ ಕತ್ತಲೆ, ಮಂಜು. ಒಬ್ಬಳೇ ಹೋಗಬೇಡ ಅಂತಾರೆ ಮನೆಯಲ್ಲಿ. ಬಟ್ಟೆ ಒದ್ದೆಯಾಗಿ ತೊಡೆ ಉಜ್ಜಿ ಗಾಯ ಬೇರೆ. ಜಿಗಣೆ ಬೇರೆ. ಏನು ಮಾಡಲಿ?
– ಸೋಮವಾರಪೇಟೆ

ಮನೆಯವರು ಹೇಳುವುದು ಸರಿ ತಂಗಿ. ನಸುಕಿನಲ್ಲೇ ಓಡಬೇಕೆಂದು ಎಲ್ಲಿಯೂ ಬರೆದಿಲ್ಲ. ಬಯಲುಸೀಮೆಯವರು ಬಿಸಿಲಿಗೆ ಹೆದರಿ ನಸುಕಿನಲ್ಲಿ ಓಡುತ್ತಾರೆ, ಕೊಡಗಿನ ಆಷಾಢದಲ್ಲಿ ನಿನಗೆ ಆ ಹೆದರಿಕೆಯೇ ಇಲ್ಲ. ಬೆಳಿಗ್ಗೆ ಎಂಟಕ್ಕೋ, ಕಾಲೇಜು ಮುಗಿಸಿ ನಾಲ್ಕಕ್ಕೋ ಓಡು. ಮಂಜಿನಲ್ಲಿ ಗಾಡಿಯವರಿಗೆ ನೀನು ಕಾಣುವುದಿಲ್ಲ ಎಂದೇ ತಿಳಿದುಕೋ: ಹಳದಿ ಅಥವಾ ಕಿತ್ತಳೆ ಟೀ ಶರ್ಟ್, ಬೆನ್ನಿಗೆ ಬೆಳಕಿಗೆ ಹೊಳೆಯುವ ಟೇಪ್, ರಸ್ತೆಯ ಬಲಬದಿ, ಎದುರಿನ ಗಾಡಿ ಕಣ್ಣಿಗೆ ಕಾಣುವಂತೆ. ಕಿವಿಗೆ ಇಯರ್‌ಫೋನ್ ಬೇಡ. ಜೊತೆಗೊಬ್ಬಳು ಸಿಕ್ಕರೆ ಚೆನ್ನ, ಅವಳು ಸೈಕಲ್‌ನಲ್ಲಿ ಬಂದರೂ ಸರಿ.

ಕಾಟನ್ ಪ್ಯಾಂಟ್ ಬಿಡು, ಅದು ನೀರು ಕುಡಿದು ಭಾರವಾಗಿ ಉಜ್ಜುತ್ತದೆ. ಮೈಗಂಟುವ ಪಾಲಿಯೆಸ್ಟರ್ ಟೈಟ್ಸ್ ಹಾಕಿ, ಉಜ್ಜುವ ಕಡೆಗೆಲ್ಲ ಓಡುವ ಮೊದಲೇ ವ್ಯಾಸಲಿನ್ ಹಚ್ಚು. ಒಳ ಉಡುಪು ಒಣಗಿದ್ದೇ ಆಗಿರಲಿ. ಮಳೆಗಾಲದಲ್ಲಿ ಅದು ಕಷ್ಟ ಎಂದು ಗೊತ್ತು, ಇಸ್ತ್ರಿ ಪೆಟ್ಟಿಗೆ ಅದಕ್ಕೇ ಇದೆ. ಮುಟ್ಟಿನ ದಿನ ಓಡಬಹುದು, ನೋವಿದ್ದರೆ ಬಿಡು, ಒದ್ದೆ ಪ್ಯಾಡ್‌ನಲ್ಲಿ ಮಾತ್ರ ಕೂರಬೇಡ. ಜೊತೆಯವರಿಗಿಂತ ನಿನಗೆ ಬೇಗ ಏದುಸಿರು ಬರುತ್ತಿದ್ದರೆ ಒಮ್ಮೆ ಹಿಮೋಗ್ಲೋಬಿನ್ ನೋಡಿಸು, ಎಷ್ಟು ಓಡಿದರೂ ಟೈಮ್ ಇಳಿಯದ ಹುಡುಗಿಯರಲ್ಲಿ ಮೊದಲು ಅದನ್ನು ಪರೀಕ್ಷಿಸಬೇಕು.

7 ನಿಮಿಷ 30 ಸೆಕೆಂಡ್ ಒಳಗೆ 1600 ಮೀಟರ್ ಮುಗಿಸಿದರೆ ಮೊದಲ ಗುಂಪು, 8 ನಿಮಿಷದವರೆಗೆ ಎರಡನೇ ಗುಂಪು. 10 ಅಡಿ ಲಾಂಗ್ ಜಂಪ್, 3 ಅಡಿ ಹೈ ಜಂಪ್ ಇದೆ. ನೆಲ ಒದ್ದೆಯಾಗಿದ್ದಾಗ ಜಂಪ್ ಅಭ್ಯಾಸ ಮಾಡಲೇಬೇಡ. ಜಿಗಿಯುವ ಕಾಲು ಜಾರಿದರೆ, ಇಲ್ಲವೇ ನೀರು ಕುಡಿದು ಗಟ್ಟಿಯಾದ ಮರಳಿನಲ್ಲಿ ಬಿದ್ದರೆ, ಅಲ್ಲಿಗೆ ಆ ವರ್ಷದ ಕಥೆ ಮುಗಿಯಿತು. ಮನೆಯಲ್ಲಿ ಮೆಟ್ಟಿಲು, ಸ್ಕ್ವಾಟ್ ಮಾಡಿ ಕಾಲಿಗೆ ಶಕ್ತಿ ತಂದುಕೋ.

ಜಿಗಣೆ ಓಡುವವರಿಗಿಂತ ನಿಂತು ಸ್ಟ್ರೆಚಿಂಗ್ ಮಾಡುವವರಿಗೇ ಹತ್ತುವುದು. ಸ್ಟ್ರೆಚಿಂಗ್ ಮನೆ ಜಗುಲಿಯಲ್ಲಿ ಮಾಡು.

ಐದು ದಿನ ಜ್ವರ ಇತ್ತು. ಈಗ ಬಿಟ್ಟಿದೆ. ಮುಂದಿನ ತಿಂಗಳು ರ‍್ಯಾಲಿ. ನಾಳೆಯಿಂದಲೇ ಓಡಲಾ? ಮೈಕೈ ನೋವಿಗೆ ಪೇನ್‌ಕಿಲ್ಲರ್ ತೆಗೆದುಕೊಳ್ಳುತ್ತಿದ್ದೇನೆ.
– ಮೂಡಿಗೆರೆ

ನಾಳೆ ಬೇಡ. ಜ್ವರ ಯಾವುದೆಂದು ರಕ್ತ ಪರೀಕ್ಷೆ ಆಯಿತೇ? ಮಳೆಗಾಲದ ಜ್ವರವನ್ನು ಹೆಸರಿಲ್ಲದೆ ಬಿಡಬಾರದು. ಡೆಂಗಿ ಆಗಿದ್ದರೆ ಜ್ವರ ಇಳಿದ ಮೇಲಿನ ಒಂದೆರಡು ದಿನವೇ ಹೆಚ್ಚು ಎಚ್ಚರದ ದಿನ, ಹೊಟ್ಟೆನೋವು, ವಾಂತಿ, ವಸಡಿನಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗು. ಡೆಂಗಿಯಲ್ಲಿ ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ರಕ್ತಸ್ರಾವ ಹೆಚ್ಚಿಸುತ್ತವೆ. ನೀನು ನುಂಗುತ್ತಿರುವ ಮಾತ್ರೆಯ ಹೆಸರನ್ನು ಇವತ್ತೇ ಡಾಕ್ಟರಿಗೆ ತೋರಿಸು.

ಇನ್ನೊಂದು ಇಲಿಜ್ವರ. ಇಲಿಯ ಮೂತ್ರ ಸೇರಿದ ಕೆಸರು ನೀರು ಕಾಲಿನ ಗಾಯದಿಂದ ಒಳಗೆ ಹೋದರೆ ಬರುತ್ತದೆ. ಜ್ವರ, ಕಣ್ಣು ಕೆಂಪು, ಮೀನಖಂಡದಲ್ಲಿ ತಡೆಯಲಾರದ ನೋವು. ಓಡುವ ಹುಡುಗರು ಇಲ್ಲೇ ಏಮಾರುವುದು, ಮೀನಖಂಡ ನೋವೆಂದರೆ ಓಡಿದ್ದರಿಂದ ಬಂದಿದ್ದು ಎಂದುಕೊಂಡು ಸುಮ್ಮನಾಗುತ್ತಾರೆ. ಡಾಕ್ಟರ್ ಕೇಳದಿದ್ದರೂ ನೀನೇ ಹೇಳಬೇಕು, ಕೆಸರಿನಲ್ಲಿ ಓಡುತ್ತೇನೆ ಎಂದು. ಕಾಲಿಗೆ ಗಾಯ ಇದ್ದಾಗ ನಿಂತ ನೀರಿಗೆ ಇಳಿಯಬೇಡ.

ಡಾಕ್ಟರ್ ಒಪ್ಪಿದ ಮೇಲೆ ಮೊದಲ ಮೂರು ನಾಲ್ಕು ದಿನ ನಡಿಗೆ, ಆಮೇಲೆ ನಿಧಾನ ಓಟ, ಜೋರಿನ ಓಟ ಅದಕ್ಕೂ ಒಂದು ವಾರದ ನಂತರ. ಜ್ವರದಲ್ಲಿ ಓಡಿದರೆ ವೈರಸ್ ಹೃದಯದ ಸ್ನಾಯುವಿಗೂ ತಗುಲುವ ಅಪಾಯ ಇದೆ. ಎದೆನೋವು, ಕಾರಣವಿಲ್ಲದೆ ಎದೆ ಹೊಡೆದುಕೊಳ್ಳುವುದು ಇದ್ದರೆ ಓಡದೆ ಇಸಿಜಿ ಮಾಡಿಸು. ಒಂದು ತಿಂಗಳು ಸಾಕಾಗುತ್ತದೆ, ನೀನು ಮೊದಲು ಓಡುತ್ತಿದ್ದವನು.

ದಮ್ಮು ಹೆಚ್ಚಾಗಲು ಇಂಜೆಕ್ಷನ್ ಇದೆಯಂತೆ, ಚಳಿ ಮಳೆ ಗೊತ್ತಾಗಲ್ಲವಂತೆ. ತಗೋಬಹುದಾ?
– ಊರೂ ಬರೆದಿಲ್ಲ

ಬೇಡ. ರ‍್ಯಾಲಿಯಲ್ಲಿ ಸಿಕ್ಕಿಬಿದ್ದರೆ ಹೊರಗೆ, ಸಿಕ್ಕಿಬೀಳದಿದ್ದರೆ ಟ್ರ್ಯಾಕ್ ಮೇಲೆ ಏನಾಗುತ್ತದೋ ಯಾರಿಗೆ ಗೊತ್ತು. ಕೊಡುವವನು ಡಾಕ್ಟರ್ ಅಲ್ಲ ಎಂಬುದು ನಿನಗೂ ಗೊತ್ತಿದೆ.

ರ‍್ಯಾಲಿ ದಿನವೇ ಮಳೆ ಬಂದರೆ ಮುಂದಕ್ಕೆ ಹಾಕುತ್ತಾರಾ? ಕೊಡೆ ತರಬಹುದಾ?
– ಹಾವೇರಿ, ಬಂಟ್ವಾಳ, ಅರಸೀಕೆರೆ

ಮುಂದಕ್ಕೆ ಹಾಕುತ್ತಾರೆ ಎಂದು ನಂಬಿಕೊಂಡು ಹೋಗಬೇಡಿ. ಓಡಿಸುತ್ತಾರೆ ಎಂದೇ ತಯಾರಾಗಿ. ಒದ್ದೆ ಟ್ರ್ಯಾಕ್‌ನಲ್ಲಿ ಗುಂಪು ಹೊರಟಾಗ ಮೊದಲ ನೂರು ಮೀಟರ್‌ನಲ್ಲೇ ನೂಕಾಟ, ಬೀಳುವುದೂ ಅಲ್ಲೇ. ಎರಡು ಮೂರನೇ ಸಾಲಿನ ಹೊರಬದಿಯಲ್ಲಿ ಹೊರಡಿ. ಹೊರಬದಿಯಲ್ಲೇ ಉಳಿದರೆ ದೂರ ಹೆಚ್ಚಾಗುತ್ತದೆ, ಹಾಗಾಗಿ ಗುಂಪು ಚದುರಿದ ಮೇಲೆ ಒಳಗೆ ಬನ್ನಿ. ನಾಲ್ಕು ಸುತ್ತಿನಲ್ಲಿ ಒಳಪಟ್ಟಿ ಎಲ್ಲಕ್ಕಿಂತ ಹೆಚ್ಚು ತುಳಿದು ಕೆಸರಾಗಿರುತ್ತದೆ, ಕೆಲವು ಸಲ ಒಂದು ಹೆಜ್ಜೆ ಹೊರಗೆ ಓಡಿದವನಿಗೇ ಲಾಭ. ನಿಮ್ಮ ಹಿಂದಿನ ಬ್ಯಾಚ್ ಓಡುವಾಗ ಬಾಯಿ ಬಿಟ್ಟುಕೊಂಡು ನೋಡುವ ಬದಲು ಯಾವ ಜಾಗದಲ್ಲಿ ಜಾರುತ್ತಿದ್ದಾರೆ ಎಂದು ನೋಡಿಟ್ಟುಕೊಳ್ಳಿ.

ಪುಲ್‌ಅಪ್ ಕಂಬಿ ಒದ್ದೆ ಇರುತ್ತದೆ. ಕೈ ಒರೆಸಲು ಸಣ್ಣ ಟವೆಲ್ ಚಡ್ಡಿ ಜೇಬಿನಲ್ಲಿರಲಿ, ಮನೆಯಲ್ಲೂ ವಾರಕ್ಕೊಮ್ಮೆ ಕಂಬಿಗೆ ನೀರು ಹಾಕಿ ಅಭ್ಯಾಸ ಮಾಡಿ. 9 ಅಡಿ ಗುಂಡಿ ಹಾರುವುದು, ಜಿಗ್‌ಜ್ಯಾಗ್ ಬ್ಯಾಲೆನ್ಸ್ (ಅಂಕುಡೊಂಕಾದ ಕಿರಿದಾದ ತೊಲೆಯ ಮೇಲೆ ನಡೆಯುವುದು) ಎರಡಕ್ಕೂ ಅಂಕ ಇಲ್ಲ, ಪಾಸಾದರೆ ಸಾಕು. ಬ್ಯಾಲೆನ್ಸ್ ಹತ್ತುವ ಮೊದಲು ಶೂ ತಳದ ಕೆಸರು ಕೆರೆದು ತೆಗೆಯಿರಿ, ಅವಸರ ಮಾಡಬೇಡಿ.

ಹಿಂದಿನ ರಾತ್ರಿ ಬಸ್ ಸ್ಟ್ಯಾಂಡ್‌ನಲ್ಲಿ ಒದ್ದೆ ನೆಲದ ಮೇಲೆ ಮಲಗಿ ಬೆಳಿಗ್ಗೆ ಓಡುವವರು ತುಂಬಾ ಜನ. ನಾಲ್ಕು ಜನ ಸೇರಿ ಒಂದು ಕೋಣೆ ಹಿಡಿಯಿರಿ, ಆಗದಿದ್ದರೆ ಊರಿನ ಮಠವೋ ಛತ್ರವೋ ಮೊದಲೇ ವಿಚಾರಿಸಿ. ಪ್ಲಾಸ್ಟಿಕ್ ಹಾಳೆ, ಒಂದು ಜೊತೆ ಒಣ ಬಟ್ಟೆ, ಎರಡು ಜೊತೆ ಒಣ ಸಾಕ್ಸ್ ಬ್ಯಾಗಿನಲ್ಲಿರಲಿ.

ಇನ್ನು ಕೊಡೆ. ತನ್ನಿ, ಆದರೆ ನಿಮಗಾಗಿ ಅಲ್ಲ. ಅಡ್ಮಿಟ್ ಕಾರ್ಡ್, ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಅಫಿಡವಿಟ್, ಫೋಟೋ, ಎಲ್ಲವನ್ನೂ ಎರಡು ಪ್ಲಾಸ್ಟಿಕ್ ಕವರ್ ಹಾಕಿ ಸುತ್ತಿ ಅದರ ಕೆಳಗೆ ಇಟ್ಟುಕೊಳ್ಳಿ. ನೀವು ನೆನೆದರೆ ಒಣಗುತ್ತೀರಿ, ಶಾಯಿ ಇಳಿದ ಅಫಿಡವಿಟ್ ಒಣಗಿದರೂ ಓದಲು ಬರುವುದಿಲ್ಲ.